ಬೆಳಗಿನ ರೊಟ್ಟಿ ರಾತ್ರಿಗೆ ಬಂದ ಕಥೆ

ಅಡುಗೆಯ ಚರಿತ್ರೆ ಬರೆಯಲು ಹೊರಟವನಿಗೆ ಕನ್ನಡದಲ್ಲಿ ಸಾಮಗ್ರಿಯ ಬಡತನವಿಲ್ಲ. ಇಮ್ಮಡಿ ಚಾವುಂಡರಾಯನು 1025ರ ಸುಮಾರಿನಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಅಂತರ್ಜಲ ಕಂಡುಹಿಡಿಯುವುದು, ಗಿಡಮರ ಬೆಳೆಸುವುದು, ದನಕರುಗಳ ಚಿಕಿತ್ಸೆ ಇವುಗಳ ಜೊತೆಗೆ ಪಾಕಶಾಸ್ತ್ರಕ್ಕೂ ಸ್ಥಾನ ಉಂಟು. ಅದಾಗಿ ನೂರು ವರ್ಷಕ್ಕೆ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ಸಂಸ್ಕೃತದ ‘ಮಾನಸೋಲ್ಲಾಸ’ ಹುಟ್ಟಿತು. ಅರಸನು ಏನನ್ನು ಹೇಗೆ ಉಣ್ಣಬೇಕೆಂಬುದು ಅದರಲ್ಲಿ ವಿಸ್ತಾರವಾಗಿಯೇ ಇದೆ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂದು ಒಂದು ಗ್ರಂಥವನ್ನೇ ಬರೆದ. ಅದರ ಮೊದಲ ಅಧ್ಯಾಯ ಪಿಷ್ಟಪಾಕ, ಎಂದರೆ ಹಿಟ್ಟಿನ ಅಡುಗೆ. ರೊಟ್ಟಿಗಳಲ್ಲಿಯೇ ಎಷ್ಟೋ ಬಗೆಗಳನ್ನು ಅವನು ಹೇಳುತ್ತಾನೆ. ಅವುಗಳಲ್ಲಿ ಮುಚ್ಚಳ ರೊಟ್ಟಿ ಎಂಬುದೊಂದು: ಕಾವಲಿಯ ಮೇಲೆ ರೊಟ್ಟಿಯಿಟ್ಟು, ಮುಚ್ಚಳ ಮುಚ್ಚಿ, ಕೆಳಗೂ ಕೆಂಡ ಮೇಲೂ ಕೆಂಡವಿಟ್ಟು ಬೇಯಿಸತಕ್ಕದ್ದು.

ಈ ಗ್ರಂಥಗಳ ವಿಷಯವನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಒಂದು ಸಂದೇಹ ಬರುತ್ತದೆ. ಇಷ್ಟು ಅಡುಗೆಮನೆಗಳನ್ನು ಸುತ್ತಿ ಬಂದರೂ ದಣಿದವರೊಬ್ಬರೂ ನಮಗೆ ಎದುರಾಗುವುದಿಲ್ಲವಲ್ಲ! ಮುಚ್ಚಳದ ಮೇಲೆ ಕೆಂಡ ಹಾಕುವವರು ಯಾರು, ಅವರು ಬೆಳಗಿನಿಂದ ಬೇರೇನು ಕೆಲಸ ಮಾಡಿ ಬಂದಿದ್ದರು, ಕೆಂಡ ಆರಿದ ಮೇಲೆ ಅವರು ತಾವೇನು ಉಂಡು ಮಲಗಿದರು? ಶಾಸ್ತ್ರಕಾರರು ಈ ಮಾತೆತ್ತುವುದಿಲ್ಲ. ಅವರದು ರುಚಿಯ ಚರಿತ್ರೆ, ಹೊತ್ತಿನ ಚರಿತ್ರೆಯಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಹೊತ್ತಿನ ಚರಿತ್ರೆ. ಅದಕ್ಕೆ ತಾಮ್ರಶಾಸನದ ಆಧಾರವಿಲ್ಲ. ಆದರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಬಾಶೆಟ್ಟಿಹಳ್ಳಿಯಲ್ಲಿ ಸಂಜೆ ಏಳು ಗಂಟೆಗೆ ಯಾವುದಾದರೂ ಬೀದಿಯಲ್ಲಿ ನಡೆದು ಹೋದರೆ ಅದರ ಇತ್ತೀಚಿನ ಪುಟವನ್ನು ಕಣ್ಣಾರೆ ಓದಬಹುದು.

ಮೊದಲು ರಾಗಿಯ ಮಾತು. ನಮ್ಮ ಸೀಮೆಯಲ್ಲಿ ‘ಹಿಟ್ಟು’ ಎಂದರೆ ರಾಗಿಯ ಹಿಟ್ಟು, ‘ಹಿಟ್ಟು ಉಂಡೆಯಾ?’ ಎಂದರೆ ಮುದ್ದೆ ಉಂಡೆಯಾ ಎಂದರ್ಥ. ಬೇರೆ ವಿಶೇಷಣ ಬೇಕಿಲ್ಲ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಗಾದೆ ಎಲ್ಲರಿಗೂ ಗೊತ್ತಿದ್ದದ್ದೇ. ಈ ಧಾನ್ಯಕ್ಕೆ ಸಾಹಿತ್ಯದಲ್ಲಿ ಸಿಂಹಾಸನ ಹಾಕಿಕೊಟ್ಟವರು ಕನಕದಾಸರು. ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಬಿದ್ದು, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ ನೋಡಿ, ಸೊರಗದೆ ಉಳಿದ ರಾಗಿಗೆ ತನ್ನ ಹೆಸರನ್ನೇ ಕೊಟ್ಟ ಕಥೆ ಅದು. ಕಥೆಯ ಗೂಢಾರ್ಥ ಏನೇ ಇರಲಿ, ಅದರ ಹಿಂದೆ ಒಕ್ಕಲುಮಕ್ಕಳು ಬಲ್ಲ ಒಂದು ಸತ್ಯವಿದೆ. ಹಗೇವಿನಲ್ಲಿ ಸುರಿದು ಮಣ್ಣು ಮೆತ್ತಿದ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ.

ಟಿಪ್ಪುವಿನ ಪತನವಾದ ಮರುವರ್ಷ, ಎಂದರೆ 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನು ಸುತ್ತಿದ. ನಮ್ಮ ದೊಡ್ಡಬಳ್ಳಾಪುರದ ಮೇಲೂ ಹಾದುಹೋದ. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ, ಮಳೆಯಾಶ್ರಯದ ಹೊಲಗಳಲ್ಲಿ ರಾಗಿಯೇ ಎಲ್ಲಕ್ಕಿಂತ ಮುಖ್ಯವಾದ ಬೆಳೆಯೆಂದೂ ಕೆಳವರ್ಗದ ಜನರ ದಿನದ ಆಹಾರ ಅದೇ ಎಂದೂ ಬರೆದಿದ್ದಾನೆ. ಎಷ್ಟು ಬಿತ್ತಿದರೆ ಎಷ್ಟು ಬೆಳೆಯುತ್ತದೆಂಬ ಲೆಕ್ಕವನ್ನು ಜಾಣತನದಿಂದ ಕಲೆಹಾಕಿದವನು ಅವನು. ಬೆಳೆದದ್ದು ಹಿಟ್ಟಾಗಿ ತಟ್ಟೆಗೆ ಬರುವವರೆಗೆ ಹೆಣ್ಣುಮಕ್ಕಳ ಎಷ್ಟು ಹೊತ್ತು ಹೋಗುತ್ತದೆಂದು ಲೆಕ್ಕ ಹಾಕುವುದು ಕಂದಾಯಕ್ಕೆ ಸಂಬಂಧಪಟ್ಟ ವಿಷಯವಲ್ಲವಷ್ಟೆ.

ಹಳೆಯ ಕ್ರಮದಲ್ಲಿ ಒಕ್ಕಲುಮನೆಯ ದಿನ ಹೀಗಿತ್ತು. ಬೆಳಿಗ್ಗೆ ಅಂಬಲಿಯೋ, ರಾತ್ರಿ ಉಳಿದ ತಂಗಳೋ, ಅನುಕೂಲವಿದ್ದ ದಿನ ಒಂದು ರೊಟ್ಟಿಯೋ. ಮಧ್ಯಾಹ್ನಕ್ಕೆ ಹೊಲಕ್ಕೆ ಬುತ್ತಿ. ಕತ್ತಲಾದ ಮೇಲೆ ಮನೆಯಲ್ಲಿ ಬಿಸಿ ಮುದ್ದೆ, ಬಿಸಿ ಸಾರು. ಈ ಮೂರರಲ್ಲಿ ಕೈಯಲ್ಲಿ ಹಿಡಿದು ತಿನ್ನತಕ್ಕದ್ದು ಬೆಳಗಿನದು. ರೊಟ್ಟಿಗೆ ಹುಚ್ಚೆಳ್ಳಿನ ಪುಡಿಯೋ ಕಡಲೆಕಾಯಿ ಚಟ್ನಿಯೋ ಸವರಿ ಸುರುಳಿ ಸುತ್ತಿ ಹುಡುಗನ ಕೈಗೆ ಕೊಟ್ಟರೆ ಅವನು ದನಗಳ ಹಿಂದೆ ನಡೆಯುತ್ತಲೇ ತಿಂದು ಮುಗಿಸುತ್ತಿದ್ದ. ಆದ್ದರಿಂದ ಸುರುಳಿ ರೊಟ್ಟಿಗೆ ಮರ್ಯಾದೆ ಕಡಿಮೆ. ಅದು ಹಸಿವಿಗೆ ತಡೆ, ಊಟವಲ್ಲ. ಊಟವೆಂದರೆ ಕೂತು ಉಣ್ಣುವುದು. ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದು. ಒಲೆಯಿಂದ ಇಳಿದ ಸ್ವಲ್ಪ ಹೊತ್ತಿನಲ್ಲೇ ಅದನ್ನು ಉಣ್ಣಬೇಕು. ಆರಿದರೆ ಬಿಗಿಯಾಗುತ್ತದೆ. ಎಂದರೆ ಮನೆಯವರೆಲ್ಲ ಒಂದೇ ಹೊತ್ತಿಗೆ ಮನೆಯಲ್ಲಿರಬೇಕು, ಒಬ್ಬಳಾದರೂ ಒಲೆಯ ಮುಂದೆ ಕಾದಿರಬೇಕು. ಮುದ್ದೆ ಬರಿಯ ತಿಂಡಿಯಲ್ಲ, ಅದೊಂದು ಮನೆಯ ಏರ್ಪಾಡು.

ರಾತ್ರಿಯಲ್ಲಿ ಕೈಯೂಟವೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಅದಕ್ಕೆ ನಮ್ಮಲ್ಲಿ ಒಂದು ಸೊಗಸಾದ ಹೆಸರಿದೆ: ಕೈತುತ್ತು. ಕಳೆ ತೆಗೆದೋ ಕುಯ್ಲು ಮಾಡಿಯೋ ಮನೆಮಂದಿ ಬಸವಳಿದು ಬಂದ ದಿನ, ಅಜ್ಜಿಯಾದವಳು ಇದ್ದ ಅನ್ನ, ಇದ್ದ ಸಾರು, ಇದ್ದ ಮಜ್ಜಿಗೆಯನ್ನೆಲ್ಲ ಒಂದೇ ತಪ್ಪಲೆಯಲ್ಲಿ ಕಲಸಿಕೊಂಡು ಜಗುಲಿಯಲ್ಲಿ ಕೂರುತ್ತಾಳೆ. ಸುತ್ತ ಮಕ್ಕಳು. ಒಂದೊಂದು ಅಂಗೈಗೂ ಸರದಿಯ ಮೇಲೆ ಒಂದೊಂದು ತುತ್ತು; ತುತ್ತಿನ ನಡುವೆ ಹೆಬ್ಬೆರಳಿನಿಂದ ಒಂದು ಗುಳಿ, ಗುಳಿಯಲ್ಲಿ ಒಂದಿಷ್ಟು ಗೊಜ್ಜು. ಬೆಳದಿಂಗಳು, ಕಥೆ ಇತ್ಯಾದಿಗಳನ್ನು ನಮ್ಮ ಪ್ರಬಂಧಕಾರರು ಬೇಕಾದಷ್ಟು ಬಣ್ಣಿಸಿದ್ದಾರೆ. ಹಾಗೆ ಬಣ್ಣಿಸುವವರ ಸಾಲಿನಲ್ಲಿ ನಾನೂ ಒಬ್ಬ. ಆದರೆ ಅದರ ಒಳಗುಟ್ಟು ಬೇರೆ. ಕೈತುತ್ತಿನ ರಾತ್ರಿ ತೊಳೆಯುವುದಕ್ಕೆ ಇರುವುದು ಒಂದೇ ತಪ್ಪಲೆ. ಹತ್ತು ತಟ್ಟೆಗಳ ಕೆಲಸ ಉಳಿಯಿತು. ಬೆಳದಿಂಗಳು ಮಕ್ಕಳಿಗೆ, ಉಳಿದ ತಟ್ಟೆಗಳು ಸೊಸೆಗೆ.

ಇನ್ನು ಬಾಶೆಟ್ಟಿಹಳ್ಳಿಗೆ ಬರುತ್ತೇನೆ. ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯಲ್ಲಿ, ಪಟ್ಟಣ ಇನ್ನೇನು ಸಿಕ್ಕಿತು ಎನ್ನುವಾಗ ಬರುವ ಊರು ಅದು. ಹಿಂದೆ ರಾಗಿ, ಅವರೆ, ಹುರುಳಿಯ ಹೊಲಗಳಿದ್ದ ಹಳ್ಳಿ; ಸರ್ಕಾರದ ಕೈಗಾರಿಕಾ ಪ್ರದೇಶ ಬಂದ ಮೇಲೆ ಹೊಲದ ಜಾಗದಲ್ಲಿ ಕಾಂಪೌಂಡು ಗೋಡೆಗಳು ಎದ್ದವು, ಸಮೀಪದಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳ ಅಪಾರೆಲ್ ಪಾರ್ಕೂ ಬಂತು. ಗ್ರಾಮ ಪಂಚಾಯತಿಯ ಊರು ಈಗ ಪಟ್ಟಣ ಪಂಚಾಯತಿಯ ಊರಾಗಿದೆ. ನನ್ನ ತರಗತಿಗೆ ಅಲ್ಲಿಂದ ಬರುವ ಹುಡುಗಿಯರು ಕೆಲವರಿದ್ದಾರೆ. ಅವರಲ್ಲೊಬ್ಬಳ ಮನೆಗೆ ಹಬ್ಬದ ನೆಪದಲ್ಲಿ ಹೋಗಿದ್ದಾಗ ಮಾತು ಊಟದ ಕಡೆ ತಿರುಗಿತು. ಅವಳ ಅಜ್ಜಿಗೆ ಎಂಬತ್ತು ದಾಟಿರಬಹುದು. ಆಕೆ ನನ್ನಲ್ಲಿ ಫಿರ್ಯಾದು ಮಾಡುವ ಧಾಟಿಯಲ್ಲಿ ಹೇಳಿದರು: “ರಾತ್ರಿ ಹೊತ್ತು ಒಂದು ಮುದ್ದೆ ಹೊಟ್ಟೆಗೆ ಬೀಳದಿದ್ರೆ ಅದೂ ಒಂದು ಊಟವಾ ಮೇಷ್ಟ್ರೇ? ರೊಟ್ಟಿ ಬೆಳಗಿಂದು. ಈಗ ನೋಡಿ, ವಾರದಾಗೆ ನಾಕು ದಿನ ಕೈಗೆ ರೊಟ್ಟಿ ಸುತ್ತಿ ಕೊಟ್ಟು ಹೋಗಿ ಅಂತಾಳೆ.”

ಸೊಸೆ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರು. ಅವರು ಜಗಳಕ್ಕೆ ಬರಲಿಲ್ಲ. “ನಮ್ಮತ್ತೆ ಹೇಳೋದು ಸರಿ ಸಾರ್. ಆದ್ರೆ ಹಿಟ್ಟು ತಿರುವೋಕೆ ರಟ್ಟೆಯಾಗೆ ಶಕ್ತಿ ಉಳಿದಿರಬೇಕಲ್ಲ. ಮಿಷನ್ ಮುಂದೆ ಕೂತು ಬಂದ ಮೇಲೆ ನಂಗೆ ಬೇಕಾಗಿರೋದು ಊಟ ಅಲ್ಲ, ಗೋಡೆಗೆ ಒರಗೋ ಜಾಗ” ಎಂದರು.

ಅತ್ತೆಯೂ ಸರಿ, ಸೊಸೆಯೂ ಸರಿ. ಇಬ್ಬರ ನಡುವೆ ಇರುವುದು ರುಚಿಯ ಭೇದವಲ್ಲ, ಸುಮಾರು ಅರವತ್ತು ವರ್ಷಗಳ ಚರಿತ್ರೆ.

ಅತ್ತೆಯ ಹರೆಯದಲ್ಲಿ ದಿನ ಶುರುವಾಗುತ್ತಿದ್ದದ್ದು ಬೀಸುವ ಕಲ್ಲಿನಿಂದ. ಏಳೆಂಟು ಬಾಯಿಗಳ ಮನೆಗೆ ಆ ದಿನದ ಹಿಟ್ಟು ಬೀಸಿ ಮುಗಿಯುವಷ್ಟರಲ್ಲಿ ಬೆಳಕು ಹರಿಯುತ್ತಿತ್ತು. ಬೀಸುವಾಗ ಹಾಡುತ್ತಿದ್ದರು ಎಂಬುದನ್ನು ನಾವು ಕನ್ನಡ ಅಧ್ಯಾಪಕರು ಬಹಳ ಹೆಮ್ಮೆಯಿಂದ ಹೇಳುತ್ತೇವೆ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿ ಹೆಣ್ಣುಮಕ್ಕಳ ಪದಗಳಿಗೆ ಕಾವ್ಯದ ಗೌರವ ತಂದುಕೊಟ್ಟದ್ದು ನಮ್ಮ ಸಾಹಿತ್ಯದಲ್ಲಿ ದೊಡ್ಡ ಸಂಗತಿಯೇ. ಆದರೂ ಒಂದು ಮಾತು ಹೇಳಬೇಕೆನ್ನಿಸುತ್ತದೆ: ಕಲ್ಲು ನಿಂತಾಗ ಹಾಡು ನಿಂತಿತೆಂದು ಮರುಗಿದವರು ಹೆಚ್ಚಾಗಿ ಬೀಸದೆ ಇದ್ದವರು. ನಾನು ಆ ಅಜ್ಜಿಯನ್ನು, “ಬೀಸುವ ಪದ ನೆನಪಿದೆಯೇ?” ಎಂದು ಕೇಳಿದೆ. “ಪದ ಮರೆತೋಯ್ತು, ಭುಜದ ನೋವು ಇನ್ನೂ ಐತೆ” ಎಂದರು.

ಕಲ್ಲನ್ನು ನಿಲ್ಲಿಸಿದ್ದು ಹಿಟ್ಟಿನ ಗಿರಣಿ. ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ಬಂತು. ಬೆಂಗಳೂರಿನ ಬೀದಿದೀಪ ಕಂಡು ಹಿಗ್ಗಿದ ಹಾಗೆ ಹಳ್ಳಿಗಳು ಹಿಗ್ಗುವುದಕ್ಕೆ ಮುಂದೆ ಹಲವು ದಶಕ ಕಾಯಬೇಕಾಯಿತು. ಹಳ್ಳಿಗೆ ಮೊದಲು ಕೆಲವೆಡೆ ಎಣ್ಣೆ ಎಂಜಿನ್ನಿನ ಗಿರಣಿ, ಆಮೇಲೆ ಕರೆಂಟಿನ ಗಿರಣಿ. ನಮ್ಮ ಚರಿತ್ರೆ ಪುಸ್ತಕಗಳಲ್ಲಿ ವಿದ್ಯುತ್ತೆಂದರೆ ಗಣಿ, ಮಿಲ್ಲು, ಬೀದಿದೀಪ. ಹೆಣ್ಣುಮಕ್ಕಳ ಬೆಳಗಿನ ಜಾವವನ್ನು ಅವರಿಗೆ ಹಿಂದಕ್ಕೆ ಕೊಟ್ಟ ಗಿರಣಿಯ ಬೆಲ್ಟಿಗೆ ಒಂದು ಪ್ಯಾರಾ ಸಿಕ್ಕುವುದಿಲ್ಲ. ರೊಟ್ಟಿ ತಟ್ಟುವುದು ಸುಲಭವಾದದ್ದು ಯಾರೋ ಹೊಸ ಪಾಕ ಕಂಡುಹಿಡಿದದ್ದರಿಂದ ಅಲ್ಲ. ಹಿಟ್ಟು ಡಬ್ಬದಲ್ಲಿ ಸಿದ್ಧವಾಗಿ ಕೂತದ್ದರಿಂದ. ಆಮೇಲೆ ಸೀಮೆಎಣ್ಣೆಯ ಸ್ಟವ್ ಬಂತು, ಗ್ಯಾಸ್ ಬಂತು. ಸೌದೆ ಊದಿ ಕಣ್ಣು ಕೆಂಪಾಗಿಸಿಕೊಳ್ಳುವ ಹೊತ್ತೂ ಉಳಿಯಿತು.

ಉಳಿದ ಹೊತ್ತು ಎಲ್ಲಿ ಹೋಯಿತು? ಪ್ರಶ್ನೆ ಇರುವುದೇ ಇಲ್ಲಿ. ದೊಡ್ಡಬಳ್ಳಾಪುರ ನೇಕಾರರ ಊರು, ರೇಷ್ಮೆ ಸೀರೆಗಳ ಊರು. ಮಗ್ಗ ವಿದ್ಯುತ್ ಮಗ್ಗವಾದಾಗ ಅದು ಬಹಳ ಮನೆಗಳಲ್ಲಿ ಮನೆಯೊಳಗೇ ಉಳಿಯಿತು. ಮುಂದಿನ ಅಂಕಣದಲ್ಲಿ ಮಗ್ಗ, ಹಿಂದೆ ಒಲೆ. ಗಂಡ ಮಗ್ಗದ ಮುಂದಿದ್ದರೆ ಹೆಂಡತಿ ಮಕ್ಕಳು ಕಂಡಿಕೆ ಸುತ್ತಬೇಕು. ಇಂಥ ಮನೆಯಲ್ಲಿ ಊಟದ ಹೊತ್ತನ್ನು ನಿರ್ಧರಿಸುತ್ತಿದ್ದದ್ದು ಹಸಿವಲ್ಲ, ಕರೆಂಟು. ಕರೆಂಟಿರುವಾಗ ಮಗ್ಗ ನಿಲ್ಲಿಸಿ ಮುದ್ದೆಗೆ ಕೂರುವುದು ನಷ್ಟ. ಎಡಗೈಯಲ್ಲಿ ಸುರುಳಿ ರೊಟ್ಟಿ ಹಿಡಿದು, ಕಣ್ಣು ಹಾಸಿನ ಮೇಲಿಟ್ಟು, ನಿಂತೇ ಊಟ ಮುಗಿಸುವ ನೇಕಾರರನ್ನು ನಾನು ಹುಡುಗನಾಗಿದ್ದಾಗಿನಿಂದ ಕಂಡಿದ್ದೇನೆ. ರೇಷ್ಮೆಗೆ ಎಣ್ಣೆ ತಾಗಬಾರದೆಂದು ಆ ರೊಟ್ಟಿಗೆ ಒಂದು ಕಾಗದದ ಸುತ್ತು ಬೇರೆ. ಬೆಳಗಿನ ರೊಟ್ಟಿ ರಾತ್ರಿಗೆ ಕಾಲಿಟ್ಟದ್ದು ಮೊದಲು ಇಂಥ ಮನೆಗಳಲ್ಲಿ ಎಂಬುದು ನನ್ನ ಊಹೆ.

ಕಾರ್ಖಾನೆ ಬಂದ ಮೇಲೆ ಅದು ಅಲ್ಲಿ ಕಾಯಂ ಆಯಿತು. 1948ರ ಕಾರ್ಖಾನೆಗಳ ಕಾಯಿದೆ ಕಾರ್ಮಿಕನ ಊಟವನ್ನು ಮರೆತಿರಲಿಲ್ಲ. ಐದು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ದುಡಿಸಬಾರದು, ನಡುವೆ ಕಡೆಯ ಪಕ್ಷ ಅರ್ಧ ಗಂಟೆ ಬಿಡುವಿರಬೇಕು. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಮೀರಬಾರದು. ಇನ್ನೂರೈವತ್ತಕ್ಕೆ ಮೇಲ್ಪಟ್ಟು ಜನರಿದ್ದರೆ ಕ್ಯಾಂಟೀನು. ಹೆಂಗಸರನ್ನು ಸಂಜೆ ಏಳರ ಮೇಲೆ ಬೆಳಿಗ್ಗೆ ಆರರವರೆಗೆ ದುಡಿಸಕೂಡದೆಂದೂ ಅದು ವಿಧಿಸಿತ್ತು. ನಮ್ಮ ರಾಜ್ಯದಲ್ಲಿ 2019ರಲ್ಲಿ ಷರತ್ತುಗಳೊಡನೆ ಹೆಂಗಸರಿಗೂ ರಾತ್ರಿ ಪಾಳಿಗೆ ಅನುಮತಿ ದೊರೆಯಿತು. ಇವೆಲ್ಲ ಗೇಟಿನ ಒಳಗಿನ ಮಾತು. ಗೇಟಿನ ಹೊರಗೆ ಅವಳಿಗಾಗಿ ಕಾದಿರುವ ಇನ್ನೊಂದು ಪಾಳಿ ಯಾವ ಕಾಯಿದೆಯ ಕಲಮಿನಲ್ಲೂ ಇಲ್ಲ. ಆ ಪಾಳಿಯನ್ನು ತುಂಡುಮಾಡುವ ಒಂದೇ ಉಪಾಯ ಅವಳ ಕೈಯಲ್ಲಿ ಉಳಿದದ್ದು, ಊಟವನ್ನು ಸುರುಳಿ ಸುತ್ತಿಬಿಡುವುದು. ಗಿರಣಿ ಉಳಿಸಿಕೊಟ್ಟ ಎರಡು ಗಂಟೆಯನ್ನು ಮೊದಲು ಮಗ್ಗ ತೆಗೆದುಕೊಂಡಿತು, ಆಮೇಲೆ ಯಂತ್ರ ತೆಗೆದುಕೊಂಡಿತು. ಅವಳು ಮುದ್ದೆಯ ಹೊತ್ತಿನಿಂದ ಅರ್ಧ ಗಂಟೆಯನ್ನು ತನಗಾಗಿ ಕಿತ್ತುಕೊಂಡಳು.

ಇದು ನಮ್ಮಲ್ಲಿ ಮಾತ್ರ ನಡೆದ ಸಂಗತಿಯಲ್ಲ. ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಪ್ರಾಂತದ ಗಣಿ ಕೆಲಸಗಾರರಿಗೆ ‘ಪ್ಯಾಸ್ಟಿ’ ಎಂಬ ತಿನಿಸಿತ್ತು. ನಮ್ಮ ಕರ್ಜಿಕಾಯಿಯ ದೊಡ್ಡಣ್ಣನೆನ್ನಬಹುದು. ಹಿಟ್ಟಿನ ಹಾಳೆಯೊಳಗೆ ಮಾಂಸ, ಆಲೂಗೆಡ್ಡೆ, ಈರುಳ್ಳಿ ತುಂಬಿ ಅಂಚು ಮಡಿಸಿ ಸುಟ್ಟದ್ದು. ಗಣಿಯ ಕೈಕೊಳೆ ತಾಗಿದ ಅಂಚನ್ನು ಎಸೆದುಬಿಡುತ್ತಿದ್ದರೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಆದರೆ ಹಳೆಯ ಛಾಯಾಚಿತ್ರಗಳಲ್ಲಿ ಅವರು ಪ್ಯಾಸ್ಟಿಯನ್ನು ಚೀಲದಲ್ಲಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ತಿನ್ನುತ್ತಿರುವುದು ಕಾಣುತ್ತದೆ. ದುಡಿದ ಮನುಷ್ಯ ಅನ್ನ ಎಸೆಯುವುದಿಲ್ಲವೆಂಬುದನ್ನು ಬಲ್ಲವರಿಗೆ ಆ ಚಿತ್ರವೇ ಹೆಚ್ಚು ನಂಬಲರ್ಹ. ಅದೇ ಕಾರ್ನ್‌ವಾಲಿನವರು 1880ರ ನಂತರ ಜಾನ್ ಟೇಲರ್ ಕಂಪನಿಯ ಗಣಿಗಳಿಗೆಂದು ನಮ್ಮ ಕೋಲಾರಕ್ಕೂ ಬಂದಿದ್ದರು. ಅವರ ಆ ಬಡ ತಿನಿಸಿಗೆ 2011ರಲ್ಲಿ ಯೂರೋಪಿನ ಒಕ್ಕೂಟ ಪ್ರದೇಶನಾಮದ ರಕ್ಷಣೆ ಕೊಟ್ಟಿತು. ನಮ್ಮ ಸುರುಳಿ ರೊಟ್ಟಿಗೆ ಇನ್ನೂ ಒಂದು ನಿಶ್ಚಿತವಾದ ಹೆಸರೇ ಇಲ್ಲ. ‘ಸುತ್ತಿದ್ದು’, ‘ಸುರುಳಿ’, ‘ಕೈಗೆ ಕೊಟ್ಟ ರೊಟ್ಟಿ’ ಎನ್ನುತ್ತಾರೆ, ಅಷ್ಟೆ.

ಹೆಸರಿಲ್ಲದಿದ್ದರೂ ಕೈಚಳಕ ಕಡಿಮೆಯದಲ್ಲ. ಗೋದಿಯಲ್ಲಿರುವ ಅಂಟು ರಾಗಿಯಲ್ಲಿಲ್ಲ. ತಣ್ಣೀರಿನಲ್ಲಿ ಕಲಸಿದರೆ ತಟ್ಟುವಾಗಲೇ ಅಂಚು ಒಡೆಯುತ್ತದೆ. ಬೆಂದು ಆರಿದ ಮೇಲೆ ಮಡಿಸಹೋದರೆ ಹಂಚಿನ ಚೂರಿನಂತೆ ಮುರಿಯುತ್ತದೆ. ಆದ್ದರಿಂದ ಕುದಿಯುವ ನೀರು ಹೊಯ್ದು ಹಿಟ್ಟನ್ನು ಅರ್ಧ ಬೇಯಿಸಿಯೇ ಕಲಸಬೇಕು. ಆ ಮನೆಯ ಸೊಸೆ ಅದಕ್ಕೆ ಹೆಚ್ಚಿದ ಈರುಳ್ಳಿಯನ್ನೂ ಹಿಡಿ ನುಗ್ಗೆಸೊಪ್ಪನ್ನೂ ಸೇರಿಸಿ ಕಾವಲಿಯ ಮೇಲೆಯೇ ತಟ್ಟಿದರು. ಬಿಸಿ ಕಾವಲಿಯ ಮೇಲೆ ಕೈಯಿಂದ ತಟ್ಟುವುದು ಆಗದ ಮಾತು. ಅದಕ್ಕೆ ಅವರಲ್ಲಿ ಎರಡು ಕಾವಲಿ. ಒಂದು ಒಲೆಯ ಮೇಲಿದ್ದಾಗ ಇನ್ನೊಂದು ಆರುತ್ತಿರುತ್ತದೆ. ರೊಟ್ಟಿಯ ನಡುವೆ ಬೆರಳಿನಿಂದ ಒಂದು ತೂತು, ಅದರಲ್ಲಿ ನಾಲ್ಕು ಹನಿ ಎಣ್ಣೆ, ಮೇಲೆ ಒಂದು ಮುಚ್ಚಳ. ಒಳಗಿನ ಹಬೆಯಲ್ಲೇ ಮೇಲ್ಮೈ ಬೆಂದು ರೊಟ್ಟಿ ಮೆತ್ತಗೆ ಉಳಿಯುತ್ತದೆ, ಸುತ್ತಿದರೆ ಬಗ್ಗುತ್ತದೆ. ನನಗೆ ಮಂಗರಸನ ಮುಚ್ಚಳ ರೊಟ್ಟಿ ನೆನಪಾಯಿತು. ಅವನ ಮುಚ್ಚಳದ ಮೇಲೆ ಕೆಂಡ ಬೇಕಿತ್ತು, ಕೆಂಡ ಕಾಯುವ ಆಳು ಬೇಕಿತ್ತು. ಇಲ್ಲಿ ಮುಚ್ಚಳ ತಾನೇ ದುಡಿಯುತ್ತದೆ, ಅಷ್ಟು ಹೊತ್ತು ಆಕೆ ಗೋಡೆಗೆ ಒರಗುತ್ತಾರೆ.

ಒಳಗೆ ಹಾಕುವುದಕ್ಕೂ ಆಕೆಯದೊಂದು ಯುಕ್ತಿ. ಭಾನುವಾರ ಬಸ್ಸಾರು ಮಾಡಿದಾಗ ಸೊಪ್ಪು-ಕಾಳು ಬೇಯಿಸಿದ ನೀರು ಬಸಿದು ಸಾರಿಗೆ, ಉಳಿದ ಪಲ್ಯಕ್ಕೆ ಒಗ್ಗರಣೆ. ಅದೇ ಪಲ್ಯದಲ್ಲಿ ಒಂದು ಪಾಲು ಸೋಮವಾರದ ರೊಟ್ಟಿಯ ಸುರುಳಿಗೆ. ಪಲ್ಯ ಮುಗಿದ ದಿನ ಹುಚ್ಚೆಳ್ಳಿನ ಪುಡಿ, ಅದಕ್ಕೆ ಒಂದು ಚಮಚ ಎಣ್ಣೆ. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಪುಸ್ತಕ ಹಿಡಿದು ನನ್ನ ಶಿಷ್ಯೆ ಪರೀಕ್ಷೆಗೆ ಓದುತ್ತಾಳಂತೆ. ಅಜ್ಜಿಯ ಫಿರ್ಯಾದಿಗೆ ನಾನು ತೀರ್ಪು ಕೊಡಹೋಗಲಿಲ್ಲ. ಹಿಟ್ಟು ಅದೇ, ಕಸುವೂ ಅದೇ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮಿಕ್ಕಿದ ಸುಣ್ಣದ ಸತ್ತ್ವ ಮುದ್ದೆಯಾದರೂ ರೊಟ್ಟಿಯಾದರೂ ಇದ್ದೇ ಇರುತ್ತದೆ. ಆದರೆ ಆಕೆಯ ದುಃಖ ಸುಣ್ಣದ ಸತ್ತ್ವದ ವಿಷಯವಲ್ಲ. ಮುದ್ದೆ ಎಲ್ಲರನ್ನೂ ಒಂದು ಹೊತ್ತಿಗೆ ಒಂದೆಡೆ ಕೂರಿಸುತ್ತಿತ್ತು; ಸುರುಳಿ ರೊಟ್ಟಿ ಒಬ್ಬೊಬ್ಬರನ್ನು ಒಂದೊಂದು ಮೂಲೆಗೆ ಕಳಿಸುತ್ತದೆ. ಈ ನಷ್ಟ ನಿಜವಾದದ್ದು. ಅದನ್ನು ಸೊಸೆಯ ಸೋಮಾರಿತನದ ಖಾತೆಗೆ ಬರೆಯುವುದನ್ನು ಮಾತ್ರ ನಾನು ಒಪ್ಪಲಾರೆ. ಸಂಜೆ ಎಲ್ಲರೂ ಒಟ್ಟಿಗೆ ಕೂರಬೇಕಾದರೆ ಹಿಟ್ಟು ತಿರುವುವುದಕ್ಕೆ ಆಕೆಯದಲ್ಲದ ಇನ್ನೊಂದು ಕೈ ಒಲೆಯ ಹತ್ತಿರ ಬರಬೇಕು. ಆ ಮನೆಯಲ್ಲಿ ಎರಡು ಗಂಡು ಕೈಗಳು ಇದ್ದವು. ನಾನಿದ್ದಷ್ಟು ಹೊತ್ತೂ ಅವು ಟಿ.ವಿ.ಯ ರಿಮೋಟನ್ನು ಬಿಡಲಿಲ್ಲ. ಅತಿಥಿಯಾಗಿ ಹೋದವನು ಅದನ್ನು ಆಡುವುದು ಸರಿಯಲ್ಲವೆಂದು ಅಂದು ಸುಮ್ಮನಿದ್ದೆ, ಇಲ್ಲಿ ಹೇಳಿದ್ದೇನೆ.

ಬಾಶೆಟ್ಟಿಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ ಈಗ ಎರಡು ಸಾಲು ಡಬ್ಬಗಳಿರುತ್ತವೆ. ಒಂದರಲ್ಲಿ ಊರವರ ರಾಗಿ; ಇನ್ನೊಂದರಲ್ಲಿ ಕಾರ್ಖಾನೆಯ ಕೆಲಸಕ್ಕೆಂದು ಬಿಹಾರದಿಂದಲೂ ಒಡಿಶಾದಿಂದಲೂ ಬಂದು ಒಂದೊಂದು ಕೋಣೆಯಲ್ಲಿ ನಾಲ್ಕೈದು ಜನ ಬಾಡಿಗೆಗಿರುವ ಹುಡುಗರ ಗೋದಿ. ಅವರು ಚಪಾತಿಯೊಳಗೆ ಆಲೂಗೆಡ್ಡೆ ಪಲ್ಯ ಸುತ್ತಿಕೊಂಡು ರಾತ್ರಿ ಪಾಳಿಗೆ ನಡೆಯುತ್ತಾರೆ. ಗಿರಣಿಯವನು ಗೋದಿ ಬೀಸಿದ ಮೇಲೆ ಕಲ್ಲು ಒರೆಸಿ ರಾಗಿ ಹಾಕಬೇಕು, ಇಲ್ಲದಿದ್ದರೆ ಹಿಟ್ಟಿನ ಬಣ್ಣ ಕೆಟ್ಟಿತೆಂದು ಜಗಳ. ಅದಕ್ಕೆ ಅವನು ಹೊತ್ತು ಹಂಚಿದ್ದಾನೆ: ರಾಗಿ ಬೆಳಿಗ್ಗೆ, ಗೋದಿ ಸಂಜೆ ಆರರ ಮೇಲೆ. ಕಾರ್ಖಾನೆಯಿಂದ ಬರುವ ಹೆಂಗಸರಿಗೆ ಬೆಳಗಿನ ಹೊತ್ತು ಆಗುವುದಿಲ್ಲ. ಅವರೆಲ್ಲ ಸೇರಿ ಕೇಳಿದ ಮೇಲೆ ಈಗ ಬುಧವಾರ ಸಂಜೆಯನ್ನೂ ರಾಗಿಗೆ ಬಿಟ್ಟುಕೊಟ್ಟಿದ್ದಾನೆ.